ಅಮೆರಿಕದ ಫೆಡರಲ್ ವಿದ್ಯಾರ್ಥಿ ನೆರವು ಮತ್ತು ಸಾಲ: ಇತ್ತೀಚಿನ ಬದಲಾವಣೆಗಳು

ಫೆಡರಲ್ ವಿದ್ಯಾರ್ಥಿ ನೆರವು ಎಂಬುದು ಅಮೆರಿಕ ಸಂಯುಕ್ತ ಸಂಸ್ಥಾನದ ಕೇಂದ್ರ ಸರ್ಕಾರವು ಉನ್ನತ ಶಿಕ್ಷಣ ಪಡೆಯುವ ವಿದ್ಯಾರ್ಥಿಗಳಿಗೆ ಅನುದಾನ, ಸಾಲ ಮತ್ತು ಅರೆಕಾಲಿಕ ಉದ್ಯೋಗದ ರೂಪದಲ್ಲಿ ನೀಡುವ ಹಣಕಾಸು ಸಹಾಯದ ಒಟ್ಟು ವ್ಯವಸ್ಥೆ. 1965ರ ಉನ್ನತ ಶಿಕ್ಷಣ ಕಾಯಿದೆಯ ನಾಲ್ಕನೆಯ ಭಾಗವು ಇದಕ್ಕೆ ಕಾನೂನಿನ ಆಧಾರ. ಅನುದಾನವನ್ನು ಹಿಂದಿರುಗಿಸಬೇಕಾಗಿಲ್ಲ, ಸಾಲವನ್ನು ಬಡ್ಡಿಸಹಿತ ತೀರಿಸಬೇಕು. ಈ ವ್ಯವಸ್ಥೆಯಡಿ ಸಾಲ ಉಳಿಸಿಕೊಂಡಿರುವವರ ಸಂಖ್ಯೆ 4 ಕೋಟಿಯನ್ನು ಮೀರಿದ್ದು, ಬಾಕಿಯ ಮೊತ್ತ ಸುಮಾರು 1.6 ಲಕ್ಷ ಕೋಟಿ ಡಾಲರ್‌ಗಳಷ್ಟಿದೆ.

2020ರಿಂದೀಚೆಗೆ ಈ ವ್ಯವಸ್ಥೆಯ ಅರ್ಜಿ ನಮೂನೆ, ಸಾಲದ ಮಿತಿ ಮತ್ತು ಮರುಪಾವತಿ ಕ್ರಮ, ಈ ಮೂರೂ ಬದಲಾಗಿವೆ. ಇವುಗಳಲ್ಲಿ ಅತ್ಯಂತ ದೂರಗಾಮಿಯಾದುದು 2025ರ ಜುಲೈ 4ರಂದು ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಸಹಿ ಹಾಕಿದ, ‘ಒನ್ ಬಿಗ್ ಬ್ಯೂಟಿಫುಲ್ ಬಿಲ್ ಆ್ಯಕ್ಟ್’ ಎಂದು ಕರೆಯಲಾಗುವ ಕಾಯಿದೆ. ಇದರ ಮುಖ್ಯ ವಿಧಿಗಳು 2026ರ ಜುಲೈ 1ರಿಂದ ಅನ್ವಯಿಸುತ್ತವೆ. ಒಂದೇ ತರಗತಿಯಲ್ಲಿ ಕುಳಿತು ಒಂದೇ ಪದವಿಗಾಗಿ ಓದುವ ಇಬ್ಬರು ವಿದ್ಯಾರ್ಥಿಗಳಿಗೆ, ಸಾಲ ಪಡೆದ ದಿನಾಂಕ ಬೇರೆಯಾಗಿರುವ ಒಂದೇ ಕಾರಣದಿಂದ, ಬೇರೆ ಬೇರೆ ನಿಯಮಗಳು ಅನ್ವಯವಾಗುವುದು ಇಂದಿನ ಸ್ಥಿತಿಯ ವಿಶೇಷ. ಆದುದರಿಂದ ಈ ವಿಷಯದಲ್ಲಿ ಯಾವುದೇ ಮಾಹಿತಿಯನ್ನು ಓದುವಾಗ ಅದು ಯಾವ ದಿನಾಂಕದ ಸಾಲಕ್ಕೆ ಸಂಬಂಧಿಸಿದ್ದೆಂಬುದನ್ನು ಮೊದಲು ಗಮನಿಸಬೇಕಾಗುತ್ತದೆ.

ಹಿನ್ನೆಲೆ

ಎರಡನೆಯ ಮಹಾಯುದ್ಧದಿಂದ ಮರಳಿದ ಸೈನಿಕರ ವ್ಯಾಸಂಗಕ್ಕೆ ನೆರವಾಗಲು 1944ರಲ್ಲಿ ರೂಪಿಸಿದ ‘ಜಿ.ಐ. ಬಿಲ್’ ಅಮೆರಿಕದ ಕೇಂದ್ರ ಸರ್ಕಾರವು ಉನ್ನತ ಶಿಕ್ಷಣದ ವೆಚ್ಚವನ್ನು ದೊಡ್ಡ ಪ್ರಮಾಣದಲ್ಲಿ ಹೊತ್ತ ಮೊದಲ ಸಂದರ್ಭ. 1957ರಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿದ ಮೇಲೆ, ವಿಜ್ಞಾನ ಮತ್ತು ಭಾಷಾ ಶಿಕ್ಷಣದಲ್ಲಿ ಹಿಂದೆ ಬಿದ್ದೆವೆಂಬ ಆತಂಕದಿಂದ 1958ರಲ್ಲಿ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯಿದೆ ಬಂದಿತು. ಸಾಮಾನ್ಯ ವಿದ್ಯಾರ್ಥಿಗಳಿಗೆ ಕೇಂದ್ರದ ಸಾಲ ದೊರೆತದ್ದು ಇದರಿಂದಲೇ. ಈ ಸಾಲವು ಮುಂದೆ ಪರ್ಕಿನ್ಸ್ ಸಾಲವೆಂದು ಹೆಸರಾಗಿ 2017ರವರೆಗೆ ನಡೆಯಿತು.

1965ರ ಉನ್ನತ ಶಿಕ್ಷಣ ಕಾಯಿದೆಗೆ ಅಧ್ಯಕ್ಷ ಲಿಂಡನ್ ಜಾನ್ಸನ್ ಆ ವರ್ಷದ ನವೆಂಬರ್ 8ರಂದು ಟೆಕ್ಸಾಸ್‌ನ ಸ್ಯಾನ್ ಮಾರ್ಕೋಸ್‌ನಲ್ಲಿ, ತಾವೇ ಓದಿದ್ದ ಕಾಲೇಜಿನಲ್ಲಿ ಸಹಿ ಹಾಕಿದರು. ಜಾನ್ಸನ್ ರಾಜಕೀಯಕ್ಕೆ ಬರುವ ಮುನ್ನ ಕೊಟುಲಾ ಎಂಬ ಊರಿನಲ್ಲಿ ಬಡ ಮೆಕ್ಸಿಕನ್ ಮೂಲದ ಮಕ್ಕಳಿಗೆ ಪಾಠ ಹೇಳಿದ ಶಾಲಾ ಶಿಕ್ಷಕರಾಗಿದ್ದರೆಂಬುದನ್ನು ಇಲ್ಲಿ ನೆನೆಯಬಹುದು. 1972ರಲ್ಲಿ ಬಡ ವಿದ್ಯಾರ್ಥಿಗಳಿಗೆ ನೇರ ಅನುದಾನ ನೀಡುವ ಯೋಜನೆ ಸೇರ್ಪಡೆಯಾಯಿತು. ರೋಡ್ ಐಲೆಂಡ್‌ನ ಸೆನೆಟರ್ ಕ್ಲೈಬೋರ್ನ್ ಪೆಲ್ ಅವರ ಗೌರವಾರ್ಥ 1980ರಲ್ಲಿ ಅದಕ್ಕೆ ಪೆಲ್ ಅನುದಾನವೆಂದು ಹೆಸರಿಡಲಾಯಿತು.

ಆರಂಭದಲ್ಲಿ ಸಾಲ ಕೊಡುತ್ತಿದ್ದವು ಖಾಸಗಿ ಬ್ಯಾಂಕುಗಳು. ಸರ್ಕಾರ ಖಾತರಿ ಮಾತ್ರ ನೀಡುತ್ತಿತ್ತು. 1993ರಲ್ಲಿ ಸರ್ಕಾರವೇ ನೇರವಾಗಿ ಸಾಲ ಕೊಡುವ ಕ್ರಮ ಶಾಸನವಾಯಿತು. 2010ರ ಜುಲೈಯಿಂದ ಬ್ಯಾಂಕುಗಳ ಮೂಲಕ ಕೊಡುವ ಪದ್ಧತಿ ಪೂರ್ಣವಾಗಿ ನಿಂತು, ಅಂದಿನಿಂದ ಹೊಸ ಫೆಡರಲ್ ಸಾಲಗಳೆಲ್ಲವೂ ಶಿಕ್ಷಣ ಇಲಾಖೆಯ ನೇರ ಸಾಲಗಳಾಗಿವೆ. ಸ್ನಾತಕೋತ್ತರ ವಿದ್ಯಾರ್ಥಿಗಳಿಗಾಗಿ 2006ರಲ್ಲಿ ಜಾರಿಗೆ ಬಂದ ‘ಗ್ರ್ಯಾಡ್ ಪ್ಲಸ್’ ಸಾಲಕ್ಕೆ ನಿಗದಿತ ಗರಿಷ್ಠ ಮೊತ್ತವೇ ಇರಲಿಲ್ಲ. ಕಾಲೇಜು ತೋರಿಸಿದ ಒಟ್ಟು ವೆಚ್ಚದಲ್ಲಿ ಇತರ ನೆರವನ್ನು ಕಳೆದು ಉಳಿದಷ್ಟನ್ನೂ ಪಡೆಯಬಹುದಾಗಿತ್ತು. ಇತ್ತೀಚಿನ ಬದಲಾವಣೆಗಳ ಚರ್ಚೆಯೆಲ್ಲ ಬಹುಮಟ್ಟಿಗೆ ಈ ಒಂದು ಸಡಿಲಿಕೆಯ ಸುತ್ತಲೇ ಬೆಳೆದಿದೆ.

ಅರ್ಜಿ ನಮೂನೆಯ ಸರಳೀಕರಣ

ಎಲ್ಲ ಫೆಡರಲ್ ನೆರವಿಗೂ ಒಂದೇ ಅರ್ಜಿ. ಅದು ‘ಫಾಫ್ಸಾ’ ಎಂಬ ಹ್ರಸ್ವನಾಮದಿಂದ ಪ್ರಸಿದ್ಧ. ಇದರಲ್ಲಿ ನೂರಕ್ಕೂ ಹೆಚ್ಚು ಪ್ರಶ್ನೆಗಳಿದ್ದು, ಅವುಗಳ ಜಟಿಲತೆಯಿಂದಾಗಿಯೇ ಅರ್ಹ ಬಡ ಕುಟುಂಬಗಳು ಅರ್ಜಿ ಹಾಕದೆ ಉಳಿಯುತ್ತವೆ ಎಂಬ ಆಕ್ಷೇಪ ಬಹುಕಾಲದಿಂದ ಇತ್ತು. ಇದನ್ನು ಸರಿಪಡಿಸಲು 2020ರ ಡಿಸೆಂಬರಿನಲ್ಲಿ ಸರಳೀಕರಣ ಕಾಯಿದೆ ಅಂಗೀಕಾರವಾಯಿತು. ಹೊಸ ನಮೂನೆಯಲ್ಲಿ ಆದಾಯದ ವಿವರ ತೆರಿಗೆ ಇಲಾಖೆಯಿಂದಲೇ ನೇರವಾಗಿ ಬರುತ್ತದೆ. ಕುಟುಂಬವು ಎಷ್ಟು ಭರಿಸಬಲ್ಲದೆಂದು ತೋರಿಸುತ್ತಿದ್ದ ಹಳೆಯ ಲೆಕ್ಕದ ಬದಲಿಗೆ ‘ವಿದ್ಯಾರ್ಥಿ ನೆರವು ಸೂಚ್ಯಂಕ’ ಬಂದಿದೆ. ಈ ಸೂಚ್ಯಂಕವು ಸೊನ್ನೆಗಿಂತ ಕೆಳಗೆ, ಋಣ 1,500ರವರೆಗೂ ಇಳಿಯಬಹುದು. ಸಂಖ್ಯೆ ಕಡಿಮೆಯಾದಷ್ಟೂ ನೆರವಿನ ಅಗತ್ಯ ಹೆಚ್ಚು ಎಂದರ್ಥ.

ಸರಳೀಕರಣದಲ್ಲಿ ಒಂದು ನಷ್ಟವೂ ಅಡಗಿತ್ತು. ಒಂದೇ ಮನೆಯ ಇಬ್ಬರು ಮಕ್ಕಳು ಏಕಕಾಲದಲ್ಲಿ ಕಾಲೇಜಿನಲ್ಲಿದ್ದರೆ ತಂದೆತಾಯಿಯರ ಪಾಲನ್ನು ಹಂಚಿ ಲೆಕ್ಕ ಹಾಕುವ ಹಳೆಯ ರಿಯಾಯಿತಿ ಇದರಿಂದ ರದ್ದಾಯಿತು. ಅವಳಿ ಮಕ್ಕಳಿರುವ ಮಧ್ಯಮ ವರ್ಗದ ಕುಟುಂಬಗಳಿಗೆ ಇದರ ಬಿಸಿ ನೇರವಾಗಿ ತಟ್ಟಿತು.

ಹೊಸ ನಮೂನೆಯ ಆರಂಭ ಸುಗಮವಾಗಲಿಲ್ಲ. ಸಾಮಾನ್ಯವಾಗಿ ಅಕ್ಟೋಬರ್ 1ರಂದು ತೆರೆಯಬೇಕಾದ ಅರ್ಜಿ 2024–25ನೇ ಸಾಲಿಗೆ 2023ರ ಡಿಸೆಂಬರ್ ಕೊನೆಯ ದಿನಗಳಲ್ಲಿ, ಅದೂ ದಿನದ ಕೆಲವು ಗಂಟೆಗಳ ಮಟ್ಟಿಗೆ ಮಾತ್ರ ತೆರೆಯಿತು. ಹಣದುಬ್ಬರದ ಹೊಂದಾಣಿಕೆಯನ್ನು ಲೆಕ್ಕದಲ್ಲಿ ಸೇರಿಸಲು ಇಲಾಖೆ ಮರೆತಿತ್ತು. ಹಾಗೆಯೇ ಬಿಟ್ಟಿದ್ದರೆ ವಿದ್ಯಾರ್ಥಿಗಳಿಗೆ ಸುಮಾರು 180 ಕೋಟಿ ಡಾಲರ್ ನೆರವು ತಪ್ಪುತ್ತಿತ್ತು. ಸಾಮಾಜಿಕ ಭದ್ರತಾ ಸಂಖ್ಯೆ ಇಲ್ಲದ ತಂದೆತಾಯಿಯರಿಗೆ ಅರ್ಜಿಯ ತಮ್ಮ ಭಾಗವನ್ನು ಪೂರ್ಣಗೊಳಿಸಲು ವಾರಗಟ್ಟಲೆ ಸಾಧ್ಯವಾಗಲಿಲ್ಲ. ಕಾಲೇಜುಗಳಿಗೆ ವಿದ್ಯಾರ್ಥಿಗಳ ವಿವರ ತಲುಪತೊಡಗಿದ್ದು 2024ರ ಮಾರ್ಚ್ ತಿಂಗಳಲ್ಲಿ. ಎಷ್ಟು ಹಣ ದೊರೆಯುವುದೆಂದು ತಿಳಿಯದೆ ಕಾಲೇಜನ್ನು ಆರಿಸಿಕೊಳ್ಳುವುದು ಅಸಾಧ್ಯವಾದ್ದರಿಂದ, ಪ್ರವೇಶ ಖಚಿತಪಡಿಸುವ ಮೇ 1ರ ವಾಡಿಕೆಯ ಗಡುವನ್ನು ಅನೇಕ ಕಾಲೇಜುಗಳು ಮುಂದೂಡಿದವು. ಮರುವರ್ಷದ ಅರ್ಜಿಯನ್ನು ಹಂತ ಹಂತವಾಗಿ ಪರೀಕ್ಷಿಸಿ 2024ರ ನವೆಂಬರಿನಲ್ಲಿ ಎಲ್ಲರಿಗೂ ತೆರೆಯಲಾಯಿತು.

ಕಂತು ವಿನಾಯಿತಿ, ಸಾಲಮನ್ನಾ ಮತ್ತು ನ್ಯಾಯಾಲಯ

ಕೋವಿಡ್ ಸಾಂಕ್ರಾಮಿಕದ ಸಂದರ್ಭದಲ್ಲಿ, 2020ರ ಮಾರ್ಚ್ ತಿಂಗಳಿನಿಂದ ಫೆಡರಲ್ ಸಾಲದ ಕಂತುಗಳನ್ನು ಸ್ಥಗಿತಗೊಳಿಸಿ ಬಡ್ಡಿಯನ್ನು ಸೊನ್ನೆಗೆ ಇಳಿಸಲಾಯಿತು. ಈ ವಿನಾಯಿತಿ ಮೂರೂವರೆ ವರ್ಷ ನಡೆಯಿತು. 2023ರ ಸೆಪ್ಟೆಂಬರಿನಲ್ಲಿ ಬಡ್ಡಿಯೂ ಅಕ್ಟೋಬರಿನಲ್ಲಿ ಕಂತುಗಳೂ ಮತ್ತೆ ಆರಂಭವಾದವು.

2022ರ ಆಗಸ್ಟ್‌ನಲ್ಲಿ ಅಧ್ಯಕ್ಷ ಜೋ ಬೈಡನ್ ನಿಗದಿತ ಆದಾಯಮಿತಿಯೊಳಗಿನ ಸಾಲಗಾರರಿಗೆ 10,000 ಡಾಲರ್, ಪೆಲ್ ಅನುದಾನ ಪಡೆದವರಿಗೆ 20,000 ಡಾಲರ್‌ವರೆಗೆ ಸಾಲಮನ್ನಾ ಘೋಷಿಸಿದರು. 2003ರ ‘ಹೀರೋಸ್’ ಕಾಯಿದೆಯ ತುರ್ತು ಅಧಿಕಾರವನ್ನು ಅದಕ್ಕೆ ಆಧಾರವಾಗಿ ತೋರಿಸಲಾಗಿತ್ತು. ಬೈಡನ್ ವಿರುದ್ಧ ನೆಬ್ರಾಸ್ಕ ಪ್ರಕರಣದಲ್ಲಿ 2023ರ ಜೂನ್ 30ರಂದು ಸುಪ್ರೀಂ ಕೋರ್ಟು 6–3ರ ಬಹುಮತದಿಂದ ಆ ಯೋಜನೆಯನ್ನು ತಳ್ಳಿಹಾಕಿತು. ಇಷ್ಟು ದೊಡ್ಡ ಮೊತ್ತದ ಮನ್ನಾಕ್ಕೆ ಕಾಂಗ್ರೆಸ್‌ನ, ಅಂದರೆ ಅಮೆರಿಕದ ಸಂಸತ್ತಿನ, ಸ್ಪಷ್ಟ ಅನುಮತಿ ಇರಬೇಕೆಂಬುದು ತೀರ್ಪಿನ ತಿರುಳು.

ಅದೇ ವರ್ಷ ‘ಸೇವ್’ ಎಂಬ ಮರುಪಾವತಿ ಯೋಜನೆ ಬಂದಿತು. ಬಡತನ ರೇಖೆಯ ಶೇ. 225ಕ್ಕಿಂತ ಮೇಲಿನ ಆದಾಯವನ್ನಷ್ಟೇ ಪರಿಗಣಿಸಿ ಕಂತನ್ನು ನಿಗದಿಪಡಿಸುತ್ತಿದ್ದುದರಿಂದ ಅನೇಕರ ಕಂತು ಸೊನ್ನೆಯಾಗುತ್ತಿತ್ತು. ಹಲವು ರಾಜ್ಯಗಳು ಇದನ್ನು ಪ್ರಶ್ನಿಸಿದವು. 2024ರ ಬೇಸಿಗೆಯಲ್ಲಿ ಮೇಲ್ಮನವಿ ನ್ಯಾಯಾಲಯ ಯೋಜನೆಗೆ ತಡೆ ನೀಡಿತು. ಅದರಲ್ಲಿದ್ದ ಲಕ್ಷಾಂತರ ಸಾಲಗಾರರು ಕಂತು ಕಟ್ಟುವಂತೆಯೂ ಇಲ್ಲದೆ, ಸಾಲಮನ್ನಾದತ್ತ ತಿಂಗಳುಗಳು ಎಣಿಕೆಯಾಗುವಂತೆಯೂ ಇಲ್ಲದೆ ನಡುನೀರಿನಲ್ಲಿ ಉಳಿದರು. 2025ರ ಆಗಸ್ಟ್ 1ರಿಂದ ಅವರ ಸಾಲಕ್ಕೆ ಬಡ್ಡಿ ಮತ್ತೆ ಸೇರತೊಡಗಿತು. ಸುಸ್ತಿಯಾದ ಸಾಲಗಳ ಬಲವಂತದ ವಸೂಲಿಯನ್ನು ಶಿಕ್ಷಣ ಇಲಾಖೆ ಅದೇ ವರ್ಷದ ಮೇ 5ರಿಂದ ಪುನರಾರಂಭಿಸಿತ್ತು.

2025ರ ಕಾಯಿದೆ ಮತ್ತು ಸಾಲದ ಹೊಸ ಮಿತಿಗಳು

ಹೊಸ ಕಾಯಿದೆಯ ಪ್ರಕಾರ 2026ರ ಜುಲೈ 1ರಿಂದ ಹೊಸ ಸಾಲಗಾರರಿಗೆ ಗ್ರ್ಯಾಡ್ ಪ್ಲಸ್ ಸಾಲ ಲಭ್ಯವಿಲ್ಲ. ಸ್ನಾತಕೋತ್ತರ ವಿದ್ಯಾರ್ಥಿಗಳು ವರ್ಷಕ್ಕೆ 20,500 ಡಾಲರ್, ಒಟ್ಟು 1 ಲಕ್ಷ ಡಾಲರ್ ಮೀರದಂತೆ ಸಾಲ ಪಡೆಯಬಹುದು. ವೃತ್ತಿಪರ ಪದವಿಯ ವಿದ್ಯಾರ್ಥಿಗಳಿಗೆ ಈ ಮಿತಿ ವರ್ಷಕ್ಕೆ 50,000 ಮತ್ತು ಒಟ್ಟು 2 ಲಕ್ಷ ಡಾಲರ್. ಮಕ್ಕಳ ಪರವಾಗಿ ತಂದೆತಾಯಿಯರು ಪಡೆಯುವ ‘ಪೇರೆಂಟ್ ಪ್ಲಸ್’ ಸಾಲಕ್ಕೆ ಮೊದಲು ಕಾಲೇಜಿನ ವೆಚ್ಚವೇ ಮಿತಿಯಾಗಿತ್ತು. ಈಗ ಒಬ್ಬ ವಿದ್ಯಾರ್ಥಿಗೆ ವರ್ಷಕ್ಕೆ 20,000, ಒಟ್ಟು 65,000 ಡಾಲರ್ ಎಂದು ಗೊತ್ತುಪಡಿಸಲಾಗಿದೆ. ಪೇರೆಂಟ್ ಪ್ಲಸ್ ಹೊರತುಪಡಿಸಿ ಒಬ್ಬ ವ್ಯಕ್ತಿ ಜೀವಮಾನದಲ್ಲಿ ಪಡೆಯಬಹುದಾದ ಫೆಡರಲ್ ಸಾಲದ ಒಟ್ಟು ಮಿತಿ 2,57,500 ಡಾಲರ್.

ಪದವಿಪೂರ್ವ ಹಂತದ ಶಿಕ್ಷಣ ಅಮೆರಿಕದಲ್ಲಿ ಹೈಸ್ಕೂಲಿನಲ್ಲೇ ಮುಗಿಯುವುದರಿಂದ, ಅಲ್ಲಿನ ಕಾಲೇಜು ಎಂದರೆ ನಮ್ಮ ಪದವಿ ತರಗತಿ. ಆ ಹಂತದ ಸಾಲದ ಮಿತಿಗಳು ಬದಲಾಗಿಲ್ಲ. ತಂದೆತಾಯಿಯರನ್ನು ಅವಲಂಬಿಸಿದ ವಿದ್ಯಾರ್ಥಿಗೆ ಮೊದಲ ವರ್ಷ 5,500, ಎರಡನೆಯ ವರ್ಷ 6,500, ಆಮೇಲೆ ವರ್ಷಕ್ಕೆ 7,500 ಡಾಲರ್. ಒಟ್ಟು 31,000 ಡಾಲರ್ ಮೀರುವಂತಿಲ್ಲ. ಓದುವ ಅವಧಿಯ ಬಡ್ಡಿಯನ್ನು ಸರ್ಕಾರವೇ ಭರಿಸುವ ಸಾಲವೂ ಈ ಹಂತದಲ್ಲಿ ಮುಂದುವರಿದಿದೆ. ಆದರೆ ಅರೆಕಾಲಿಕವಾಗಿ ಓದುವವರ ವಾರ್ಷಿಕ ಸಾಲವು ಇನ್ನು ಮುಂದೆ ಅವರ ಪಾಠದ ಪ್ರಮಾಣಕ್ಕೆ ತಕ್ಕಂತೆ ಇಳಿಯುತ್ತದೆ.

2026ರ ಜೂನ್ 30ರ ಹೊತ್ತಿಗೆ ಒಂದು ಕೋರ್ಸಿಗೆ ಸೇರಿ, ಅದಕ್ಕಾಗಿ ಆಗಲೇ ಫೆಡರಲ್ ಸಾಲ ಪಡೆದಿರುವವರು ಗರಿಷ್ಠ ಮೂರು ವರ್ಷ ಅಥವಾ ಕೋರ್ಸಿನ ಉಳಿದ ಅವಧಿ, ಇವೆರಡರಲ್ಲಿ ಕಡಿಮೆಯಾದುದರವರೆಗೆ ಹಳೆಯ ಮಿತಿಗಳಲ್ಲೇ ಸಾಲ ಪಡೆಯಬಹುದು.

ಮಿತಿ ಹೇರುವುದರ ಹಿಂದಿನ ವಾದ ಹಳೆಯದು. 1987ರಲ್ಲಿ ಅಂದಿನ ಶಿಕ್ಷಣ ಕಾರ್ಯದರ್ಶಿ ವಿಲಿಯಂ ಬೆನೆಟ್, ಫೆಡರಲ್ ನೆರವು ಹೆಚ್ಚಿದಂತೆಲ್ಲ ಕಾಲೇಜುಗಳು ನಿರ್ಭಯವಾಗಿ ಶುಲ್ಕ ಏರಿಸುತ್ತವೆ ಎಂದು ಬರೆದಿದ್ದರು. ಇದು ‘ಬೆನೆಟ್ ಊಹನ’ ಎಂದೇ ಪ್ರಸಿದ್ಧವಾಗಿದೆ. ಅರ್ಥಶಾಸ್ತ್ರಜ್ಞರಲ್ಲಿ ಈ ಬಗ್ಗೆ ಒಮ್ಮತವಿಲ್ಲ. ಖಾಸಗಿ ಲಾಭೋದ್ದೇಶದ ಸಂಸ್ಥೆಗಳಲ್ಲಿ ಇದರ ಕುರುಹು ಹೆಚ್ಚಾಗಿ ಕಂಡರೂ ಎಲ್ಲ ಕಾಲೇಜುಗಳಿಗೂ ಅದನ್ನು ಅನ್ವಯಿಸಲಾಗದು. ಮಿತಿಯನ್ನು ವಿರೋಧಿಸುವವರು ಹೇಳುವುದು ಇಷ್ಟು: ಅನೇಕ ವೈದ್ಯಕೀಯ ಕಾಲೇಜುಗಳ ನಾಲ್ಕು ವರ್ಷಗಳ ವೆಚ್ಚ 2 ಲಕ್ಷ ಡಾಲರನ್ನು ಮೀರುತ್ತದೆ, ಶುಲ್ಕ ಇಳಿಯುವವರೆಗೆ ಆ ಅಂತರವನ್ನು ತುಂಬಲು ವಿದ್ಯಾರ್ಥಿ ಖಾಸಗಿ ಸಾಲದ ಮೊರೆಹೋಗಬೇಕು. ಖಾಸಗಿ ಸಾಲಕ್ಕೆ ಉತ್ತಮ ಸಾಲ ಇತಿಹಾಸ ಅಥವಾ ಜಾಮೀನುದಾರರು ಬೇಕು. ಫೆಡರಲ್ ಸಾಲಕ್ಕಿರುವ ಆದಾಯಾಧಾರಿತ ಕಂತಾಗಲಿ ಮನ್ನಾದ ಅವಕಾಶವಾಗಲಿ ಅದಕ್ಕಿಲ್ಲ. ಸಿರಿವಂತರ ಮಕ್ಕಳಿಗೆ ಇದರಿಂದ ತೊಂದರೆಯಾಗದೆಂಬುದು ಸ್ಪಷ್ಟ.

‘ವೃತ್ತಿಪರ ಪದವಿ’ಯ ವಿವಾದ

ಎರಡು ಮಿತಿಗಳ ನಡುವೆ ಇಮ್ಮಡಿ ಅಂತರವಿರುವುದರಿಂದ ಯಾವುದು ವೃತ್ತಿಪರ ಪದವಿ ಎಂಬ ಪ್ರಶ್ನೆ ಹಣದ ಪ್ರಶ್ನೆಯೂ ಆಯಿತು. ಕಾಯಿದೆಯು ಹಳೆಯ ನಿಯಮಾವಳಿಯಲ್ಲಿದ್ದ ವ್ಯಾಖ್ಯೆಯನ್ನೇ ಆಧರಿಸಿತ್ತು. ಆ ವ್ಯಾಖ್ಯೆ ವೈದ್ಯಕೀಯ, ದಂತವೈದ್ಯ, ಪಶುವೈದ್ಯ, ಔಷಧ ವಿಜ್ಞಾನ, ಕಾನೂನು, ಧರ್ಮಶಾಸ್ತ್ರ ಮುಂತಾದ ಹತ್ತು ಪದವಿಗಳನ್ನು ಉದಾಹರಣೆಯಾಗಿ ಹೆಸರಿಸುತ್ತದೆ. 2025ರ ನವೆಂಬರಿನಲ್ಲಿ ಶಿಕ್ಷಣ ಇಲಾಖೆಯ ನಿಯಮರಚನಾ ಸಮಿತಿ ಇವುಗಳ ಜೊತೆಗೆ ಚಿಕಿತ್ಸಾ ಮನೋವಿಜ್ಞಾನವನ್ನು ಸೇರಿಸಿ ಒಮ್ಮತಕ್ಕೆ ಬಂದಿತು. ಉನ್ನತ ನರ್ಸಿಂಗ್, ಫಿಸಿಯೋಥೆರಪಿ, ಸಾರ್ವಜನಿಕ ಆರೋಗ್ಯ, ಸಮಾಜಕಾರ್ಯ, ಶಿಕ್ಷಕ ಶಿಕ್ಷಣ ಮತ್ತು ವಾಸ್ತುಶಿಲ್ಪ ಆ ಪಟ್ಟಿಯ ಹೊರಗುಳಿದವು.

ಅಮೆರಿಕದ ದಾದಿಯರ ಸಂಘವೂ ಸೇರಿದಂತೆ ಹಲವು ಸಂಸ್ಥೆಗಳು ಇದನ್ನು ಪ್ರತಿಭಟಿಸಿದವು. ಗ್ರಾಮೀಣ ಪ್ರದೇಶಗಳಲ್ಲಿ ವೈದ್ಯರಿಲ್ಲದ ಕಡೆ ರೋಗಿಗಳನ್ನು ನೋಡುವವರು ಉನ್ನತ ಪದವಿ ಪಡೆದ ನರ್ಸ್ ಪ್ರಾಕ್ಟೀಷನರ್‌ಗಳೇ ಆಗಿದ್ದು, ಅವರ ತರಬೇತಿಗೆ ಹಣ ಸಿಗದಿದ್ದರೆ ಕೊರತೆ ಇನ್ನಷ್ಟು ಹೆಚ್ಚುತ್ತದೆಂಬುದು ಅವರ ವಾದ. ಇಲಾಖೆಯು, ಈ ವರ್ಗೀಕರಣ ಸಾಲದ ಮಿತಿಗೆ ಮಾತ್ರ ಸಂಬಂಧಿಸಿದ್ದು, ಯಾವ ವೃತ್ತಿಯ ಘನತೆಯನ್ನೂ ಅಳೆಯುವುದಲ್ಲವೆಂದೂ, ಹೆಚ್ಚಿನ ನರ್ಸಿಂಗ್ ವಿದ್ಯಾರ್ಥಿಗಳ ಸಾಲ ಹೊಸ ಮಿತಿಯೊಳಗೇ ಇರುತ್ತದೆಂದೂ ಉತ್ತರಿಸಿತು. ನರ್ಸಿಂಗ್‌ನ ಮೊದಲ ಪದವಿಗೆ ಈ ವಿವಾದ ಸಂಬಂಧಿಸಿಲ್ಲ ಎಂಬುದನ್ನು ಸುದ್ದಿಗಳಲ್ಲಿ ಹಲವು ವೇಳೆ ಮರೆಯಲಾಗಿದೆ.

ಮರುಪಾವತಿಯ ಹೊಸ ಕ್ರಮ

2026ರ ಜುಲೈ 1ರಂದು ಅಥವಾ ಅನಂತರ ಪಡೆದ ಸಾಲಗಳಿಗೆ ಎರಡೇ ಮಾರ್ಗಗಳಿವೆ. ಮೊದಲನೆಯದು ನಿಗದಿತ ಕಂತಿನ ಯೋಜನೆ. ಸಾಲ 25,000 ಡಾಲರ್‌ಗಿಂತ ಕಡಿಮೆಯಿದ್ದರೆ 10 ವರ್ಷ, 50,000ದವರೆಗೆ 15, 1 ಲಕ್ಷದವರೆಗೆ 20, ಅದಕ್ಕಿಂತ ಮೇಲ್ಪಟ್ಟರೆ 25 ವರ್ಷ. ಎರಡನೆಯದು ಆದಾಯಕ್ಕೆ ಹೊಂದಿಕೊಂಡ ‘ಮರುಪಾವತಿ ಸಹಾಯ ಯೋಜನೆ’. ಇದನ್ನು ‘ರ‍್ಯಾಪ್’ ಎಂದು ಕರೆಯುತ್ತಾರೆ. ಹೊಸ ಪೇರೆಂಟ್ ಪ್ಲಸ್ ಸಾಲಗಳಿಗೆ ರ‍್ಯಾಪ್ ಲಭ್ಯವಿಲ್ಲ.

ರ‍್ಯಾಪ್‌ನಲ್ಲಿ ತೆರಿಗೆ ಲೆಕ್ಕದ ಹೊಂದಾಣಿಕೆಯಾದ ವಾರ್ಷಿಕ ಆದಾಯ 10,000 ಡಾಲರ್‌ವರೆಗೆ ಇದ್ದರೆ ತಿಂಗಳಿಗೆ 10 ಡಾಲರ್ ಕಂತು. ಅಲ್ಲಿಂದ ಪ್ರತಿ 10,000 ಡಾಲರ್ ಆದಾಯಕ್ಕೆ ಶೇ. 1ರಂತೆ ದರ ಏರುತ್ತ, 1 ಲಕ್ಷ ಡಾಲರ್ ಮೀರಿದವರಿಗೆ ಶೇ. 10 ಆಗುತ್ತದೆ. ಅವಲಂಬಿತ ಮಗು ಒಂದಕ್ಕೆ ತಿಂಗಳಿಗೆ 50 ಡಾಲರ್ ಕಡಿತವಿದೆ. ಆದರೂ ಕಂತು 10 ಡಾಲರ್‌ಗಿಂತ ಕೆಳಗಿಳಿಯದು. ಹಿಂದಿನ ಯೋಜನೆಗಳಲ್ಲಿ ಸಾಧ್ಯವಿದ್ದ ಸೊನ್ನೆ ಕಂತು ಇಲ್ಲಿ ಇಲ್ಲ.

ಉದಾಹರಣೆಗೆ, ಶೇ. 6.39 ಬಡ್ಡಿಯ 30,000 ಡಾಲರ್ ಸಾಲವಿರುವ, ವರ್ಷಕ್ಕೆ 38,000 ಡಾಲರ್ ಆದಾಯದ ಒಬ್ಬ ಪದವೀಧರೆಯನ್ನು ತೆಗೆದುಕೊಳ್ಳಬಹುದು. ಈ ಬಡ್ಡಿದರ 2025–26ನೇ ಸಾಲಿನ ಪದವಿ ವಿದ್ಯಾರ್ಥಿಗಳದು. ಆಕೆಯ ದರ ಶೇ. 3, ಅಂದರೆ ವರ್ಷಕ್ಕೆ 1,140, ತಿಂಗಳಿಗೆ 95 ಡಾಲರ್. ತಿಂಗಳ ಬಡ್ಡಿಯೇ ಸುಮಾರು 160 ಡಾಲರ್ ಆಗುವುದರಿಂದ ಹಳೆಯ ಕ್ರಮದಲ್ಲಿ ಉಳಿದ 65 ಡಾಲರ್ ಬಡ್ಡಿ ಬಾಕಿಯಾಗಿ ಬೆಳೆಯುತ್ತಿತ್ತು. ರ‍್ಯಾಪ್‌ನಲ್ಲಿ ಸಕಾಲಕ್ಕೆ ಕಂತು ಕಟ್ಟಿದರೆ ಆ ಉಳಿಕೆ ಬಡ್ಡಿ ಮನ್ನಾ ಆಗುತ್ತದೆ. ಅಷ್ಟೇ ಅಲ್ಲ, ಅಸಲು ತಿಂಗಳಿಗೆ 50 ಡಾಲರ್‌ನಷ್ಟು ಇಳಿಯುವಂತೆ ಸರ್ಕಾರ ನೋಡಿಕೊಳ್ಳುತ್ತದೆ. ವರ್ಷಗಟ್ಟಲೆ ಕಟ್ಟಿದರೂ ಸಾಲ ಬೆಳೆಯುತ್ತಲೇ ಹೋಗುತ್ತದೆಂಬ ದೂರಿಗೆ ಇದು ನಿಜವಾದ ಪರಿಹಾರವೇ ಸರಿ.

ಕೊರತೆಗಳೂ ಇವೆ. ದರವು ಆಯಾ ಹಂತದ ಹೆಚ್ಚುವರಿ ಆದಾಯಕ್ಕಲ್ಲದೆ ಇಡೀ ಆದಾಯಕ್ಕೆ ಅನ್ವಯಿಸುವುದರಿಂದ, 40,000 ಡಾಲರ್ ಆದಾಯದವರ ಕಂತು 100 ಡಾಲರ್ ಆದರೆ, ಅದಕ್ಕಿಂತ ಒಂದೇ ಡಾಲರ್ ಹೆಚ್ಚು ಗಳಿಸಿದವರ ಕಂತು 133 ಡಾಲರ್ ಆಗುತ್ತದೆ. ಹಣದುಬ್ಬರಕ್ಕೆ ತಕ್ಕಂತೆ ಈ ಹಂತಗಳು ಮೇಲೇರುವುದಿಲ್ಲ. ಆದ್ದರಿಂದ ಸಂಬಳದ ಅಂಕಿ ಮಾತ್ರ ಏರಿ ಕೊಳ್ಳುವ ಶಕ್ತಿ ಏರದಿದ್ದರೂ ಕಂತು ಏರುತ್ತದೆ. ಉಳಿದ ಸಾಲ ಮನ್ನಾ ಆಗುವುದು 30 ವರ್ಷಗಳ ಬಳಿಕ. ಹಿಂದಿನ ಯೋಜನೆಗಳಲ್ಲಿ ಈ ಅವಧಿ ಹೆಚ್ಚೆಂದರೆ 25 ವರ್ಷಗಳಾಗಿತ್ತು.

ಹಳೆಯ ಸಾಲಗಾರರ ವಿಷಯದಲ್ಲಿ ‘ಸೇವ್’ ಮತ್ತು ಇನ್ನೆರಡು ಆದಾಯಾಧಾರಿತ ಯೋಜನೆಗಳು 2028ರ ಜುಲೈ 1ರೊಳಗೆ ಮುಕ್ತಾಯವಾಗಬೇಕು. ‘ಐಬಿಆರ್’ ಎಂಬ ಯೋಜನೆ ಅವರಿಗೆ ಉಳಿಯುತ್ತದೆ. 2027ರ ಜುಲೈ 1ರಿಂದ ನೀಡುವ ಸಾಲಗಳಿಗೆ ನಿರುದ್ಯೋಗ ಅಥವಾ ಆರ್ಥಿಕ ಸಂಕಷ್ಟದ ಕಾರಣದಿಂದ ಕಂತು ಮುಂದೂಡುವ ಸೌಲಭ್ಯವಿರುವುದಿಲ್ಲ. ಸರ್ಕಾರಿ ಮತ್ತು ಲಾಭರಹಿತ ಸಂಸ್ಥೆಗಳ ನೌಕರರಿಗೆ 120 ಅರ್ಹ ಕಂತುಗಳ ಬಳಿಕ ಸಾಲಮನ್ನಾ ನೀಡುವ, 2007ರಲ್ಲಿ ಆರಂಭವಾದ ಸಾರ್ವಜನಿಕ ಸೇವಾ ಯೋಜನೆ ಮುಂದುವರಿದಿದ್ದು, ರ‍್ಯಾಪ್ ಕಂತುಗಳೂ ಅದರಲ್ಲಿ ಎಣಿಕೆಯಾಗುತ್ತವೆ.

ಪೆಲ್ ಅನುದಾನ

2025–26ನೇ ಸಾಲಿನಲ್ಲಿ ಪೆಲ್ ಅನುದಾನದ ಗರಿಷ್ಠ ಮೊತ್ತ 7,395 ಡಾಲರ್. 2026ರ ಜುಲೈಯಿಂದ 8ರಿಂದ 15 ವಾರಗಳ ಅಲ್ಪಾವಧಿ ವೃತ್ತಿ ತರಬೇತಿಗಳಿಗೂ ಇದು ವಿಸ್ತರಿಸುತ್ತದೆ. ವಿದ್ಯಾರ್ಥಿಯ ಸೂಚ್ಯಂಕ ಗರಿಷ್ಠ ಅನುದಾನದ ಎರಡು ಪಟ್ಟು ಅಥವಾ ಹೆಚ್ಚಿದ್ದರೆ, ಇಲ್ಲವೆ ಇತರ ಅನುದಾನಗಳೇ ಕಾಲೇಜಿನ ಪೂರ್ಣ ವೆಚ್ಚವನ್ನು ಭರಿಸಿದರೆ ಪೆಲ್ ದೊರೆಯದು. ಪದವೀಧರರ ಗಳಿಕೆಯನ್ನೂ ಕಾಯಿದೆ ಲೆಕ್ಕಕ್ಕೆ ತಂದಿದೆ. ಒಂದು ಕೋರ್ಸು ಮುಗಿಸಿದವರ ಗಳಿಕೆ, ಆ ಪದವಿ ಇಲ್ಲದವರ ಮಧ್ಯಮ ಗಳಿಕೆಗಿಂತ ಮೂರರಲ್ಲಿ ಎರಡು ವರ್ಷ ಕಡಿಮೆಯಿದ್ದರೆ ಆ ಕೋರ್ಸಿಗೆ ಫೆಡರಲ್ ನೇರ ಸಾಲ ನಿಲ್ಲುತ್ತದೆ.

ಭಾರತೀಯ ಮೂಲದ ಕುಟುಂಬಗಳು

ಕರ್ನಾಟಕದಿಂದ ಎಫ್-1 ವೀಸಾದ ಮೇಲೆ ಅಮೆರಿಕಕ್ಕೆ ಓದಲು ಹೋಗುವವರಿಗೆ ಈ ನೆರವು ಯಾವುದೂ ಅನ್ವಯಿಸುವುದಿಲ್ಲ. ಅವರು ಅವಲಂಬಿಸುವುದು ವಿಶ್ವವಿದ್ಯಾಲಯದ ಸಹಾಯಕ ಹುದ್ದೆ, ವಿದ್ಯಾರ್ಥಿವೇತನ, ಸ್ವಂತ ಹಣ ಅಥವಾ ಭಾರತದ ಬ್ಯಾಂಕುಗಳ ಶಿಕ್ಷಣ ಸಾಲವನ್ನು. ಫೆಡರಲ್ ನೆರವಿಗೆ ಅರ್ಹರಾದವರು ಅಮೆರಿಕದ ಪೌರರು, ಗ್ರೀನ್ ಕಾರ್ಡ್ ಪಡೆದ ಕಾಯಂ ನಿವಾಸಿಗಳು ಮತ್ತು ನಿರಾಶ್ರಿತರಂತಹ ಕೆಲವು ವರ್ಗದವರು.

ಅಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಒಂದೇ ಸೂರಿನಡಿ ಎರಡು ಸ್ಥಿತಿಗಳು ಕಾಣಸಿಗುತ್ತವೆ. ಎಚ್-1ಬಿ ವೀಸಾದಲ್ಲಿರುವ ದಂಪತಿಯ ಹಿರಿಯ ಮಗಳು ಬೆಂಗಳೂರಿನಲ್ಲಿ ಹುಟ್ಟಿ ಎಚ್-4 ವೀಸಾದಲ್ಲಿ ಬೆಳೆದವಳಾದರೆ ಆಕೆಗೆ ಅರ್ಹತೆಯಿಲ್ಲ. ಅಮೆರಿಕದಲ್ಲಿ ಹುಟ್ಟಿದ ಆಕೆಯ ತಮ್ಮ ಪೌರನಾದುದರಿಂದ, ತಂದೆತಾಯಿಯರ ವೀಸಾ ಯಾವುದೇ ಇರಲಿ, ಫಾಫ್ಸಾ ಸಲ್ಲಿಸಬಹುದು. ಆದರೆ ಪೇರೆಂಟ್ ಪ್ಲಸ್ ಸಾಲಕ್ಕೆ ತಂದೆ ಅಥವಾ ತಾಯಿಯೂ ಪೌರ ಇಲ್ಲವೆ ಅರ್ಹ ಪೌರೇತರರಾಗಿರಬೇಕು. ಉದ್ಯೋಗ ಪರವಾನಗಿ ಇಲ್ಲದೆ ಎಚ್-4 ವೀಸಾದಲ್ಲಿರುವ ತಾಯಂದಿರಿಗೆ ಸಾಮಾನ್ಯವಾಗಿ ಸಾಮಾಜಿಕ ಭದ್ರತಾ ಸಂಖ್ಯೆ ಇರುವುದಿಲ್ಲ. 2024ರ ಅರ್ಜಿಯ ತೊಡಕು ತಟ್ಟಿದ್ದು ಇಂಥ ಕುಟುಂಬಗಳಿಗೂ ಹೌದು.

ಆಸ್ತಿಯ ಲೆಕ್ಕದಲ್ಲಿಯೂ ಎಚ್ಚರ ಬೇಕು. ಕುಟುಂಬ ವಾಸಿಸುವ ಮನೆ ಮತ್ತು ನಿವೃತ್ತಿ ಉಳಿತಾಯವನ್ನು ಫಾಫ್ಸಾ ಕೇಳುವುದಿಲ್ಲ. ವಿದೇಶದಲ್ಲಿರುವ ಆಸ್ತಿಯನ್ನು ಕೇಳುತ್ತದೆ. ಮೈಸೂರಿನಲ್ಲಿ ಕೊಂಡಿಟ್ಟ ನಿವೇಶನವನ್ನೂ ಬಾಡಿಗೆಗೆ ಕೊಟ್ಟ ಮನೆಯನ್ನೂ ಅರ್ಜಿಯ ದಿನದ ವಿನಿಮಯ ದರದಲ್ಲಿ ಡಾಲರ್ ಮೌಲ್ಯಕ್ಕೆ ತಂದು, ಅದರ ಮೇಲಿನ ಸಾಲವನ್ನು ಕಳೆದು ತೋರಿಸಬೇಕು. 2026–27ನೇ ಸಾಲಿನಿಂದ ಕೃಷಿ ಭೂಮಿಗೆ ಮತ್ತೆ ದೊರೆತಿರುವ ವಿನಾಯಿತಿ, ಕುಟುಂಬವು ಸ್ವತಃ ವಾಸಿಸುವ ಜಮೀನಿಗೆ ಮಾತ್ರ. ಹೆಸರಿಗೆ ಬಂದು ಊರಿನಲ್ಲಿ ಬೇರೆಯವರು ನೋಡಿಕೊಳ್ಳುತ್ತಿರುವ ತೋಟ ಆ ವಿನಾಯಿತಿಯೊಳಗೆ ಬರುವುದಿಲ್ಲ.